ಚಲಿಸುವ ಶಾಖದಿಂದ ಗಾಜಿನ ಬಿರುಕನ್ನು ಬೇಕಾದ ದಾರಿಯಲ್ಲಿ ನಡೆಸುವುದು ಹೇಗೆ

ಗಾಜು, ಪಿಂಗಾಣಿ, ಕಲ್ಲು ಮುಂತಾದ ಪೆಡಸು ವಸ್ತುಗಳು ಬಿಸಿಗೆ ಒಡೆದಾಗ ಅದನ್ನು ಅವಘಡವೆಂದೇ ಎಣಿಸುವುದು ರೂಢಿ. ಆದರೆ ಶಾಖವನ್ನು ಒಂದೇ ಕಡೆ ನಿಲ್ಲಿಸದೆ ಅಳತೆಯರಿತು ಮುಂದಕ್ಕೆ ಸರಿಸುತ್ತ ಹೋದರೆ, ಅದೇ ಬಿರುಕು ಶಾಖವನ್ನು ಹಿಂಬಾಲಿಸಿ ನಾವು ಬಯಸಿದ ದಾರಿಯಲ್ಲಿ ನಡೆಯುತ್ತದೆ. ಮೂರು ಮಿಲಿಮೀಟರ್ ದಪ್ಪದ ಸಾದಾ ಕಿಟಕಿ ಗಾಜು, ಒಂದು ಗ್ಲಾಸ್ ಕಟರ್, ಒಂದು ಸೋಲ್ಡರಿಂಗ್ ಐರನ್ ಇಷ್ಟಿದ್ದರೆ ಇದನ್ನು ಕಾಲೇಜಿನ ಪ್ರಯೋಗಾಲಯದಲ್ಲಿ ಮಾಡಿ ನೋಡಬಹುದು. ಕ್ರಮವನ್ನು ಮಾತ್ರ ಕಲಿತರೆ ಒಂದು ಹಾಳೆ ಸರಿಯಾಗಿ ಸೀಳಿ ಮುಂದಿನದು ಏಕೆ ಹಾಳಾಯಿತು ಎಂಬುದು ತಿಳಿಯುವುದಿಲ್ಲವಾದ್ದರಿಂದ, ಇಲ್ಲಿ ಕ್ರಮದ ಜೊತೆಗೆ ಅದರ ಹಿಂದಿನ ಲೆಕ್ಕವನ್ನೂ ಕೊಡಲಾಗಿದೆ.

ಬಿರುಕು ಶಾಖವನ್ನು ಏಕೆ ಹಿಂಬಾಲಿಸುತ್ತದೆ

ಗಾಜಿನ ಹಾಳೆಯ ನಡುವೆ ಒಂದು ಸಣ್ಣ ವೃತ್ತವನ್ನು ಮಾತ್ರ ಬಿಸಿ ಮಾಡಿದೆವೆಂದುಕೊಳ್ಳೋಣ. ಆ ವೃತ್ತ ಹಿಗ್ಗಲು ಯತ್ನಿಸುತ್ತದೆ. ಸುತ್ತಲಿನ ತಣ್ಣನೆಯ ಗಾಜು ಬಿಡುವುದಿಲ್ಲ. ಆದ್ದರಿಂದ ವೃತ್ತದ ಒಳಗೆ ಎಲ್ಲ ದಿಕ್ಕಿನಿಂದಲೂ ಅದುಮುವ ಒತ್ತಡ ಹುಟ್ಟುತ್ತದೆ, ವೃತ್ತದ ಹೊರಗೆ ಅದನ್ನು ಬಳಸಿ ನಿಂತ ಗಾಜಿನಲ್ಲಿ ಸುತ್ತಳತೆಯ ದಿಕ್ಕಿನಲ್ಲಿ ಎಳೆತ ಹುಟ್ಟುತ್ತದೆ. ಗಾಜು ಅದುಮುವಿಕೆಯನ್ನು ಬಹಳ ತಾಳುತ್ತದೆ, ಎಳೆತವನ್ನು ತಾಳುವುದು ಕಡಿಮೆ. ಹೀಗಾಗಿ ಅತಿ ಬಿಸಿಯಾದ ಜಾಗವೇ ಒಡೆಯುತ್ತದೆ ಎಂಬ ಸಾಮಾನ್ಯ ನಂಬಿಕೆ ಇಲ್ಲಿ ತಪ್ಪು. ಒಡೆಯುವುದು ಬಿಸಿಯ ಹೊರಗಿನ ತಣ್ಣನೆಯ ಜಾಗ.

ಸಾದಾ ಸೋಡಾ-ಸುಣ್ಣದ ಗಾಜಿನ ಯಂಗ್ ಗುಣಾಂಕ, ಅಂದರೆ ಅದರ ಬಿಗಿತದ ಅಳತೆ, ಸುಮಾರು 70 ಗಿಗಾಪ್ಯಾಸ್ಕಲ್. ಅದರ ಉದ್ದದ ವ್ಯಾಕೋಚನ ಗುಣಾಂಕ, ಅಂದರೆ ಬಿಸಿಗೆ ಹಿಗ್ಗುವ ಪ್ರಮಾಣ, ಪ್ರತಿ ಡಿಗ್ರಿಗೆ ಹತ್ತು ಲಕ್ಷದಲ್ಲಿ ಸುಮಾರು 9 ಭಾಗ. ಇವೆರಡನ್ನು ಗುಣಿಸಿದರೆ ಪ್ರತಿ ಡಿಗ್ರಿ ಉಷ್ಣಾಂಶ ವ್ಯತ್ಯಾಸಕ್ಕೆ 0.63 ಮೆಗಾಪ್ಯಾಸ್ಕಲ್ ಬರುತ್ತದೆ, ಮತ್ತು ಬಿಸಿ ಕಲೆಯ ಎಳೆತದ ಅಂದಾಜಿಗೆ ಈ ಒಂದು ಸಂಖ್ಯೆಯೇ ಆಧಾರ. ಬಿಸಿ ವೃತ್ತವು ಸುತ್ತಲಿಗಿಂತ 100 ಡಿಗ್ರಿ ಹೆಚ್ಚು ಬಿಸಿಯಾಗಿದ್ದರೆ, ಅದರ ಅಂಚಿಗೆ ತಾಗಿದಂತೆ ಹೊರಗಿನ ಎಳೆತವು ಈ ಗುಣಲಬ್ಧದ ಅರ್ಧ, ಅಂದರೆ ಸುಮಾರು 31 ಮೆಗಾಪ್ಯಾಸ್ಕಲ್. ಅಲ್ಲಿಂದಾಚೆಗೆ ಎಳೆತವು ದೂರದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ: ಕೇಂದ್ರದಿಂದ ತ್ರಿಜ್ಯದ ಎರಡರಷ್ಟು ದೂರದಲ್ಲಿ ಸುಮಾರು 8, ಮೂರರಷ್ಟು ದೂರದಲ್ಲಿ 3.5 ಮೆಗಾಪ್ಯಾಸ್ಕಲ್. ನಿಜವಾದ ಬಿಸಿ ಕಲೆಗೆ ಇಷ್ಟು ಚೂಪಾದ ಅಂಚು ಇರುವುದಿಲ್ಲವಾದ್ದರಿಂದ ಗರಿಷ್ಠ ಬೆಲೆ ಇದಕ್ಕಿಂತ ಕಡಿಮೆಯಾಗಿರುತ್ತದೆ, ಆದರೆ ಒತ್ತಡದ ಹಂಚಿಕೆಯ ರೂಪ ಇದೇ.

ಈಗ ಹಾಳೆಯ ಅಂಚಿನಿಂದ ಒಳಗೆ ಬಂದಿರುವ ಒಂದು ಚಿಕ್ಕ ಬಿರುಕಿನ ಮುಂದೆ, ಅದೇ ರೇಖೆಯ ಮೇಲೆ, ಬಿಸಿ ಕಲೆಯನ್ನು ಇಟ್ಟರೆ ಏನಾಗುತ್ತದೆ ಎಂದು ನೋಡಬೇಕು. ಕಲೆಯ ಸುತ್ತಳತೆಯ ದಿಕ್ಕು ಆ ಜಾಗದಲ್ಲಿ ಬಿರುಕಿಗೆ ಅಡ್ಡಲಾಗಿರುತ್ತದೆ. ಆದ್ದರಿಂದ ಎಳೆತವು ಬಿರುಕಿನ ಎರಡು ಮೈಗಳನ್ನು ಸರಿಯಾಗಿ ಬಿಡಿಸುತ್ತದೆ. ಬಿರುಕು ಕಲೆಯತ್ತ ಓಡುತ್ತದೆ, ಕಲೆಯ ಹತ್ತಿರ ಅದುಮುವ ವಲಯವನ್ನು ಮುಟ್ಟುತ್ತಲೇ ನಿಲ್ಲುತ್ತದೆ. ಕಲೆಯನ್ನು ಮತ್ತೆ ಕೆಲವು ಮಿಲಿಮೀಟರ್ ಮುಂದೆ ಇಟ್ಟರೆ ಮತ್ತೆ ಅಷ್ಟೇ ಮುಂದುವರಿದು ನಿಲ್ಲುತ್ತದೆ. ಬಿರುಕನ್ನು ಎಳೆಯುವುದೂ ತಡೆಯುವುದೂ ಒಂದೇ ಬಿಸಿ ಕಲೆ. ಈ ವಿಧಾನವನ್ನು ನಂಬಿ ಕೆಲಸ ಮಾಡಬಹುದಾಗಿರುವುದು ಈ ಕಾರಣದಿಂದ. ಬರಿಯ ಕೈಬಲದಿಂದ ಬಾಗಿಸಿ ಮುರಿಯುವಾಗ ಇಂಥ ತಡೆ ಎಲ್ಲಿಯೂ ಇರುವುದಿಲ್ಲ.

ಬಿರುಕು ಮುಂದುವರಿಯಲು ಎಷ್ಟು ಎಳೆತ ಬೇಕು ಎಂಬುದು ಅದರ ಉದ್ದವನ್ನು ಅವಲಂಬಿಸಿದೆ. 1921ರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಎ. ಎ. ಗ್ರಿಫಿತ್ ಗಾಜಿನ ಮೇಲೆ ನಡೆಸಿದ ಅಧ್ಯಯನದಿಂದ ತೋರಿಸಿದ್ದು ಇದನ್ನೇ: ಮುರಿಯಲು ಬೇಕಾದ ಒತ್ತಡವು ದೋಷದ ಉದ್ದದ ವರ್ಗಮೂಲಕ್ಕೆ ವಿಲೋಮ. ಬಿರುಕು ಬೆಳೆಯುವುದನ್ನು ವಸ್ತು ಎಷ್ಟು ತಡೆಯುತ್ತದೆ ಎಂಬುದರ ಅಳತೆಗೆ ಮುರಿತ-ತಡೆ ಎನ್ನುತ್ತಾರೆ. ಸಾದಾ ಗಾಜಿನ ಮುರಿತ-ತಡೆಯನ್ನು 0.75 ಮೆಗಾಪ್ಯಾಸ್ಕಲ್-ವರ್ಗಮೂಲ ಮೀಟರ್ ಎಂದು ಹಿಡಿದು, ಎಳೆತ ಎಲ್ಲೆಡೆ ಒಂದೇ ಸಮ ಇದೆಯೆಂದು ಭಾವಿಸಿ ಲೆಕ್ಕ ಹಾಕಿದರೆ, ಅಂಚಿನಲ್ಲಿ 0.09 ಮಿ.ಮೀ. ಆಳದ ದೋಷವಿದ್ದಾಗ 40 ಮೆಗಾಪ್ಯಾಸ್ಕಲ್ ಬೇಕಾಗುತ್ತದೆ; 5 ಮಿ.ಮೀ. ಬಿರುಕಿಗೆ ಸುಮಾರು 5.3, 15 ಮಿ.ಮೀ. ಬಿರುಕಿಗೆ ಕೇವಲ 3.1 ಮೆಗಾಪ್ಯಾಸ್ಕಲ್ ಸಾಕು. ಬಿಸಿ ಕಲೆಯ ಎಳೆತ ಒಂದೇ ಸಮ ಇರದೆ ದೂರ ಹೋದಂತೆ ಇಳಿಯುವುದರಿಂದ ವಾಸ್ತವದಲ್ಲಿ ಇದಕ್ಕಿಂತ ಹೆಚ್ಚು ಬೇಕಾಗುತ್ತದೆ. ಆದರೂ ಮೊದಲ ಬಿರುಕನ್ನು ಹುಟ್ಟಿಸುವುದು ಕಷ್ಟ, ಹುಟ್ಟಿದ ಬಿರುಕನ್ನು ನಡೆಸುವುದು ಸುಲಭ ಎಂಬುದು ಈ ಸಂಖ್ಯೆಗಳಿಂದ ಸ್ಪಷ್ಟವಾಗುತ್ತದೆ.

ಗಾಜಿನ ಆಯ್ಕೆ ಮತ್ತು ಮೊದಲ ಗೀರು

ಟಫನ್ಡ್ ಗಾಜನ್ನು, ಅಂದರೆ ಕಾಯಿಸಿ ಥಟ್ಟನೆ ತಣಿಸಿ ಗಟ್ಟಿಗೊಳಿಸಿದ ಗಾಜನ್ನು, ಎಂದಿಗೂ ಬಳಸಬಾರದು. ಅದರ ಒಳಗೆ ಎಳೆತವನ್ನು ತಯಾರಿಕೆಯಲ್ಲೇ ಕೂಡಿಡಲಾಗಿರುತ್ತದೆ; ಬಿರುಕು ಒಳಗೆ ಇಳಿದ ಕ್ಷಣ ಇಡೀ ಹಾಳೆ ಚೂರುಚೂರಾಗುತ್ತದೆ. ಪ್ರಯೋಗಾಲಯದ ಬೋರೋಸಿಲಿಕೇಟ್ ಗಾಜು ಅಪಾಯಕಾರಿಯಲ್ಲ, ಆದರೆ ಅದರ ವ್ಯಾಕೋಚನ ಗುಣಾಂಕ ಹತ್ತು ಲಕ್ಷದಲ್ಲಿ 3.3 ಮಾತ್ರ ಆದ್ದರಿಂದ ಅಷ್ಟೇ ಉಷ್ಣಾಂಶಕ್ಕೆ ಹುಟ್ಟುವ ಎಳೆತ ಸಾದಾ ಗಾಜಿನ ಮೂರನೆಯ ಒಂದು ಭಾಗದಷ್ಟು. ಶುದ್ಧ ಸಿಲಿಕಾ ಗಾಜಿನಲ್ಲಿ ಗುಣಾಂಕವು 0.55ಕ್ಕೆ ಇಳಿಯುವುದರಿಂದ ಸೋಲ್ಡರಿಂಗ್ ಐರನ್ನಿನ ಬಿಸಿಗೆ ಅದು ಜಗ್ಗುವುದೇ ಇಲ್ಲ. ಕಲಿಯುವವರು 2ರಿಂದ 3 ಮಿ.ಮೀ. ದಪ್ಪದ ಸಾದಾ ಗಾಜಿನಿಂದಲೇ ಆರಂಭಿಸುವುದು ಒಳ್ಳೆಯದು.

ಗಾಜು ಯಾವುದೆಂದು ಅನುಮಾನವಿದ್ದರೆ ಒಂದು ಸರಳ ಪರೀಕ್ಷೆಯಿದೆ. ಲ್ಯಾಪ್‌ಟಾಪಿನ ಎಲ್‌ಸಿಡಿ ಪರದೆಯಿಂದ ಬರುವ ಬೆಳಕು ಧ್ರುವೀಕೃತವಾಗಿರುತ್ತದೆ, ಅಂದರೆ ಅದರ ಕಂಪನ ಒಂದೇ ದಿಕ್ಕಿನಲ್ಲಿರುತ್ತದೆ. ಪರದೆಯಲ್ಲಿ ಬಿಳಿ ಬಣ್ಣ ತುಂಬಿಸಿ, ಪೋಲರೈಸ್ಡ್ ಕನ್ನಡಕದ ಮೂಲಕ ನೋಡುತ್ತ ಕನ್ನಡಕವನ್ನು ಪರದೆ ಕಪ್ಪಾಗುವವರೆಗೆ ತಿರುಗಿಸಬೇಕು. ಅನಂತರ ಗಾಜನ್ನು ನಡುವೆ ಹಿಡಿಯಬೇಕು. ಸಾದಾ ಗಾಜು ಬಹುತೇಕ ಕಪ್ಪಾಗಿಯೇ ಉಳಿಯುತ್ತದೆ. ಟಫನ್ಡ್ ಗಾಜಿನಲ್ಲಿ ಬೆಳಕಿನ ಪಟ್ಟಿಗಳು, ಮಚ್ಚೆಗಳು, ಅಂಚಿನ ಉದ್ದಕ್ಕೂ ಹೊಳಪು ಕಾಣುತ್ತವೆ.

ಇದೇ ಏರ್ಪಾಡು ಮುಂದೆಯೂ ಉಪಯೋಗಕ್ಕೆ ಬರುತ್ತದೆ. ಬಿಸಿ ಮಾಡಿದ ಗಾಜನ್ನು ಪರದೆಗೆ ತಾಗದಂತೆ ಹಿಡಿದು ನೋಡಿದರೆ ಒತ್ತಡದ ಹಂಚಿಕೆಯೇ ಕಣ್ಣಿಗೆ ಕಾಣುತ್ತದೆ. ಗಾಜಿನ ಒಂದು ಬಿಂದುವಿನಲ್ಲಿ ಎರಡು ದಿಕ್ಕಿನ ಮುಖ್ಯ ಒತ್ತಡಗಳ ನಡುವಿನ ವ್ಯತ್ಯಾಸ 10 ಮೆಗಾಪ್ಯಾಸ್ಕಲ್ ಆಗಿದ್ದರೆ, 3 ಮಿ.ಮೀ. ದಪ್ಪದಲ್ಲಿ ಬೆಳಕಿನ ಎರಡು ಘಟಕಗಳ ನಡುವೆ ಸುಮಾರು 80 ನ್ಯಾನೋಮೀಟರ್ ಅಂತರ ಬೀಳುತ್ತದೆ. ಇದು ಬೂದು ಹೊಳಪಾಗಿ ತೋರುತ್ತದೆ. ಕಲೆಯ ನಡುಭಾಗದಲ್ಲಿ ಎಲ್ಲ ದಿಕ್ಕಿನ ಅದುಮುವಿಕೆಯೂ ಸಮವಾದ್ದರಿಂದ ಅದು ಕಪ್ಪಾಗಿರುತ್ತದೆ, ಅದರ ಸುತ್ತ ನಾಲ್ಕು ಎಸಳುಗಳಂತೆ ಬೆಳಕು ಮೂಡುತ್ತದೆ. ಬರಿಗಣ್ಣಿಗೆ ಏನೂ ಕಾಣದ ಗಾಜಿನಲ್ಲಿ ಇಷ್ಟೊಂದು ಸಂಗತಿ ಅಡಗಿರುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಒಮ್ಮೆಯಾದರೂ ನೋಡಲೇಬೇಕು.

ಆರಂಭದ ಗೀರನ್ನು ಗ್ಲಾಸ್ ಕಟರಿನಿಂದ, ಹಾಳೆಯ ಅಂಚಿಗೆ ನೇರ ಲಂಬವಾಗಿ, 5ರಿಂದ 10 ಮಿ.ಮೀ. ಉದ್ದಕ್ಕೆ, ಒಂದೇ ಎಳೆತದಲ್ಲಿ ಹಾಕಬೇಕು. ಅದರ ಮೇಲೆ ಮತ್ತೆ ಕಟರ್ ಆಡಿಸಿದರೆ ಪಕ್ಕಕ್ಕೆ ಚಿಕ್ಕ ಬಿರುಕುಗಳು ಹುಟ್ಟಿ ಮುಖ್ಯ ಬಿರುಕಿನ ದಾರಿ ತಪ್ಪುತ್ತದೆ. ಗೀರಿಲ್ಲದೆ ಬಿಸಿ ಮಾಡಿದರೆ, ಅಂಚಿನಲ್ಲಿ ಎಲ್ಲೋ ಇರುವ ಕಣ್ಣಿಗೆ ಕಾಣದ ದೋಷವೊಂದು ತೆರೆದುಕೊಳ್ಳುವವರೆಗೆ ಒತ್ತಡ ಏರುತ್ತಲೇ ಹೋಗುತ್ತದೆ, ತೆರೆದುಕೊಂಡ ಮೇಲೆ ಕೂಡಿಟ್ಟ ಶಕ್ತಿಯೆಲ್ಲ ಒಮ್ಮೆಗೇ ಬಿಡುಗಡೆಯಾಗಿ ಬಿರುಕು ಹಿಡಿತಕ್ಕೆ ಸಿಗುವುದಿಲ್ಲ. ಗೀರಿಗೆ ಒಂದು ಹನಿ ನೀರು ಸವರುವುದು ಅನುಕೂಲ. ಬಿರುಕಿನ ತುದಿಯಲ್ಲಿ ಹಿಗ್ಗಿ ನಿಂತಿರುವ ಸಿಲಿಕಾನ್-ಆಮ್ಲಜನಕ ಬಂಧಗಳನ್ನು ನೀರಿನ ಅಣುಗಳು ಕಡಿಯುವುದರಿಂದ, ಒಣ ಗಾಜಿಗಿಂತ ಒದ್ದೆ ಗಾಜಿನಲ್ಲಿ ಬಿರುಕು ಕಡಿಮೆ ಎಳೆತಕ್ಕೇ ಮೆಲ್ಲಗೆ ಮುಂದುವರಿಯುತ್ತದೆ.

ಶಾಖವನ್ನು ಸರಿಸುವುದು

ಹಾಳೆಯನ್ನು ಒಣ ಮರದ ಹಲಗೆ ಅಥವಾ ಕಾರ್ಕಿನ ಮೇಲೆ ಇಡಬೇಕು. ಕಲ್ಲು ಅಥವಾ ಲೋಹದ ಮೇಜು ಕೆಳಮೈಯ ಶಾಖವನ್ನು ಹೀರಿಕೊಳ್ಳುತ್ತದೆ, ಆಗ ಬಿಸಿ ದಪ್ಪದುದ್ದಕ್ಕೂ ಸಮವಾಗಿ ಹರಡುವುದಿಲ್ಲ. ಕಣ್ಣಿಗೆ ರಕ್ಷಣೆಯ ಕನ್ನಡಕ, ಕೈಗೆ ದಪ್ಪ ಕೈಗವಸು ಇಲ್ಲದೆ ಕೆಲಸ ಮಾಡಕೂಡದು. ಬಿರುಕು ಹೋಗಬೇಕಾದ ರೇಖೆಯನ್ನು ಗಾಜಿನ ಕೆಳಗಿಟ್ಟ ಕಾಗದದ ಮೇಲೆ ಗುರುತು ಮಾಡಿಕೊಳ್ಳುವುದು ಉತ್ತಮ.

350 ಡಿಗ್ರಿಗೆ ಕಾಯಿಸಿದ ಸೋಲ್ಡರಿಂಗ್ ಐರನ್ನಿನ ತುದಿಯನ್ನು ಗೀರಿನ ಮುಂದೆ 5ರಿಂದ 8 ಮಿ.ಮೀ. ದೂರದಲ್ಲಿ, ರೇಖೆಯ ಮೇಲೆ ಸರಿಯಾಗಿ ಇಟ್ಟು ಕಾಯಬೇಕು. ಶಾಖ ಗಾಜಿನ ದಪ್ಪವನ್ನು ದಾಟಲು ಬೇಕಾದ ಕಾಲವನ್ನು ದಪ್ಪದ ವರ್ಗವನ್ನು ಉಷ್ಣ ವಿಸರಣತೆಯಿಂದ (ವಸ್ತುವಿನೊಳಗೆ ಶಾಖ ಎಷ್ಟು ಬೇಗ ಹರಡುತ್ತದೆ ಎಂಬುದರ ಅಳತೆ) ಭಾಗಿಸಿ ಅಂದಾಜಿಸಬಹುದು. ಗಾಜಿನ ವಿಸರಣತೆ ಸೆಕೆಂಡಿಗೆ ಸುಮಾರು 0.5 ಚದರ ಮಿ.ಮೀ. ಆಗಿರುವುದರಿಂದ 3 ಮಿ.ಮೀ. ಹಾಳೆಗೆ ಇದು 18 ಸೆಕೆಂಡು. 6 ಮಿ.ಮೀ. ದಪ್ಪದ ಗಾಜಿಗೆ ಎರಡರಷ್ಟಲ್ಲ, ನಾಲ್ಕರಷ್ಟು ಕಾಲ ಬೇಕು. ದಪ್ಪ ಗಾಜಿನಲ್ಲಿ ಮೇಲ್ಮೈ ಮಾತ್ರ ಬಿಸಿಯಾಗಿ ಬಿರುಕು ಓರೆಯಾಗಿ ಸೀಳುವುದಕ್ಕೆ ಹೆಚ್ಚಾಗಿ ಈ ಲೆಕ್ಕವನ್ನು ಕಡೆಗಣಿಸಿದ್ದೇ ಕಾರಣ.

ಬಿರುಕು ಹುಟ್ಟಿದಾಗ ಅದರ ಮೈ ಬೆಳಕಿಗೆ ಬೆಳ್ಳಿಯಂತೆ ಮಿನುಗುತ್ತದೆ. ಆ ಮಿನುಗು ಐರನ್ನಿನ ಹತ್ತಿರ ಬಂದು ನಿಂತ ಮೇಲೆ ತುದಿಯನ್ನು ಮತ್ತೆ 5 ಮಿ.ಮೀ. ಮುಂದೆ ಇಡಬೇಕು. ಗಡಿಯಾರ ನೋಡಿ ಸರಿಸುವುದಕ್ಕಿಂತ ಬಿರುಕಿನ ತುದಿಯನ್ನು ನೋಡಿ ಸರಿಸುವುದೇ ಸರಿಯಾದ ಕ್ರಮ, ಏಕೆಂದರೆ ಗಾಜಿನ ದಪ್ಪ, ಐರನ್ನಿನ ಸಂಪರ್ಕ, ಕೋಣೆಯ ಗಾಳಿ ಇವೆಲ್ಲದರ ಪರಿಣಾಮವೂ ಆ ತುದಿಯ ಸ್ಥಾನದಲ್ಲಿಯೇ ಸೇರಿರುತ್ತದೆ. ಆದರೂ ವೇಗದ ಒಂದು ಅಂದಾಜು ಬೇಕೆನ್ನುವವರಿಗೆ: 6 ಮಿ.ಮೀ. ಅಗಲದ ಬಿಸಿ ಕಲೆ 18 ಸೆಕೆಂಡಿನಲ್ಲಿ ತನ್ನ ಅಗಲದಷ್ಟು ಸರಿದರೆ ವೇಗ ಸೆಕೆಂಡಿಗೆ 0.33 ಮಿ.ಮೀ., ಅಂದರೆ 10 ಸೆಂಟಿಮೀಟರಿಗೆ ಸುಮಾರು ಐದು ನಿಮಿಷ. ಈ ವೇಗದಲ್ಲಿ ಶಾಖವು ಮೂಲಕ್ಕಿಂತ ಸುಮಾರು ಒಂದೂವರೆ ಮಿ.ಮೀ. ಮುಂದಕ್ಕೂ ಹರಡುತ್ತದೆ. ವಿಸರಣತೆಯನ್ನು ವೇಗದಿಂದ ಭಾಗಿಸಿದರೆ ಈ ದೂರ ಸಿಗುತ್ತದೆ. ಸೆಕೆಂಡಿಗೆ 5 ಮಿ.ಮೀ. ವೇಗದಲ್ಲಿ ಅದು 0.1 ಮಿ.ಮೀ.ಗೆ ಇಳಿದು, ಬಿಸಿಯೆಲ್ಲ ಮೂಲದ ಹಿಂದೆ ಉದ್ದನೆಯ ಬಾಲವಾಗಿ ಉಳಿಯುತ್ತದೆ. ಬಾಲದ ಅದುಮುವ ವಲಯವನ್ನು ದಾಟಿ ಬರಲಾಗದೆ ಬಿರುಕು ಬಹಳ ಹಿಂದೆ ಬೀಳುತ್ತದೆ.

ಚಿಕ್ಕ ಜ್ವಾಲೆಯನ್ನು ಬಳಸುವವರು ಇನ್ನೊಂದು ಮಿತಿಯನ್ನು ಗಮನದಲ್ಲಿಡಬೇಕು. ಸಾದಾ ಗಾಜು 500 ಡಿಗ್ರಿಯನ್ನು ಮೀರಿದ ಮೇಲೆ ಒಳಗಿನ ಒತ್ತಡವನ್ನು ಸಡಿಲಿಸಿಕೊಳ್ಳತೊಡಗುತ್ತದೆ. ಅದುಮಿಸಿಕೊಂಡಿದ್ದ ಜಾಗ ಹೀಗೆ ಸಡಿಲಗೊಂಡು ತಣ್ಣಗಾದಾಗ ಅಲ್ಲಿಯೇ ಎಳೆತ ಉಳಿಯುತ್ತದೆ, ಹಾಗೂ ಕತ್ತರಿಸಿ ಮುಗಿಸಿದ ಗಾಜು ಮರುದಿನವೋ ಮುಂದಿನ ವಾರವೋ ತಾನಾಗಿ ಬಿರಿಯಬಹುದು.

ಹಾಳೆಯ ಒಂದು ಪಕ್ಕದ ಅಂಚಿಗೆ ತೀರ ಹತ್ತಿರದಲ್ಲಿ ಸೀಳಿದರೆ ಬಿರುಕು ನೇರವಾಗಿ ಹೋಗುವುದಿಲ್ಲ. ಕಿರಿದಾದ ಪಟ್ಟಿ ಸುಲಭವಾಗಿ ಬಾಗುತ್ತದೆ, ಅಗಲವಾದದ್ದು ಬಾಗುವುದಿಲ್ಲ. ಎರಡೂ ಮೈಗಳ ಎಳೆತ ಸಮನಾಗಿರದ ಕಾರಣ ದಾರಿ ಓರೆಯಾಗುತ್ತದೆ. ಕಲಿಯುವಾಗ ನಡುರೇಖೆಯನ್ನೇ ಆರಿಸಿಕೊಳ್ಳಬೇಕು. ಎದುರಿನ ಅಂಚು ಸಮೀಪಿಸಿದಾಗ ಬಿಸಿ ಕಲೆಯನ್ನು ಸುತ್ತುವರಿದು ತಡೆಯುವ ತಣ್ಣನೆಯ ಗಾಜೇ ಉಳಿದಿರುವುದಿಲ್ಲವಾದ್ದರಿಂದ ಎಳೆತ ಕುಂದುತ್ತದೆ; ಕೊನೆಯ ಕೆಲವು ಮಿಲಿಮೀಟರುಗಳನ್ನು ಬಿಸಿಯಿಂದ ಒತ್ತಾಯಿಸದೆ ಗಾಜನ್ನು ತಣಿಯಲು ಬಿಟ್ಟು ಎರಡೂ ಕೈಯಿಂದ ಮೃದುವಾಗಿ ಬಾಗಿಸಿ ಬೇರ್ಪಡಿಸಬೇಕು.

ಬೆಂಗಳೂರಿನ ಬಂಡೆಯ ಮೇಲಿನ ಬೆಂಕಿ

ಬಿರುಕಿನ ತುದಿಯನ್ನು ಕೇಳಿಕೊಂಡು ಶಾಖವನ್ನು ಸರಿಸುವ ಈ ಕ್ರಮಕ್ಕೆ ನಮ್ಮ ನೆಲದಲ್ಲಿಯೇ ಅತ್ಯುತ್ತಮವಾದ ದಾಖಲೆಯೊಂದಿದೆ. ಬೆಂಗಳೂರಿನ ಸಮೀಪ ಗ್ರಾನೈಟ್ ಕಲ್ಲಿನ ಗಣಿಯೊಂದರಲ್ಲಿ ಸೌದೆಯ ಬೆಂಕಿಯಿಂದ ಬಂಡೆಯ ಚಪ್ಪಡಿಯನ್ನು ಎಬ್ಬಿಸುತ್ತಿದ್ದ ಬಗೆಯ ವರ್ಣನೆ ನೇಚರ್ ವಿಜ್ಞಾನ ಪತ್ರಿಕೆಯ 1895ರ ಜನವರಿ 17ರ ಸಂಚಿಕೆಯಲ್ಲಿ ಅಚ್ಚಾಯಿತು. ಕೆಲಸಗಾರರು ಸುಮಾರು 7 ಅಡಿ ಉದ್ದದ ಕಿರಿದಾದ ಬೆಂಕಿಯ ಸಾಲನ್ನು ಹೊತ್ತಿಸಿ, ಮುಂದಿನ ಬಂಡೆಯನ್ನು ಸುತ್ತಿಗೆಯಿಂದ ತಟ್ಟಿ ನೋಡುತ್ತಿದ್ದರು. ಕೆಳಗಿನ ಬಂಡೆಯಿಂದ ಪದರ ಬಿಟ್ಟಿದೆ ಎಂದು ತಟ್ಟಿದ ಸದ್ದಿನಿಂದ ತಿಳಿದ ಮೇಲೆಯೇ ಉರಿಯುವ ಸೌದೆಯನ್ನು ಕೆಲವು ಅಂಗುಲ ಮುಂದಕ್ಕೆ ತಳ್ಳಿ ಮತ್ತೆ ಕಾಯುತ್ತಿದ್ದರು. ಸಾಲು ಉದ್ದವಾಗುತ್ತ, ಹೊಸ ಬಂಡೆಯ ಕಡೆಗೆ ಉಬ್ಬಿದ ಕಮಾನಾಗಿ, ಕೊನೆಗೆ 25 ಅಡಿಯಷ್ಟಾಯಿತು. ಗಂಟೆಗೆ ಸರಿಸುಮಾರು 6 ಅಡಿಯಂತೆ ಎಂಟು ಗಂಟೆ ಬೆಂಕಿ ನಡೆಯಿತು. ಬೆಂಕಿ ಹಾದುಹೋದ ಜಾಗ 460 ಚದರ ಅಡಿ. ಬಿರುಕು ಎರಡೂ ಪಕ್ಕಕ್ಕೆ ಮೂರಡಿ ಹೆಚ್ಚು ಹಬ್ಬಿದ್ದರಿಂದ ಬಿಡುಗಡೆಯಾದ ಚಪ್ಪಡಿ 740 ಚದರ ಅಡಿ, ದಪ್ಪ ಸರಾಸರಿ 5 ಅಂಗುಲ. ಒಂದು ತೂಕ ಸೌದೆಗೆ ಮೂವತ್ತು ತೂಕ ಕಲ್ಲು ಎದ್ದಿತ್ತು.

ಈ ಅಂಕಿಗಳನ್ನು ಲೆಕ್ಕಕ್ಕೆ ಹಚ್ಚಿದರೆ ಒಂದು ಮುಖ್ಯ ವಿಷಯ ಹೊರಬೀಳುತ್ತದೆ. ಗ್ರಾನೈಟಿನ ವಿಸರಣತೆಯನ್ನು ಸೆಕೆಂಡಿಗೆ 1.2 ಚದರ ಮಿ.ಮೀ. ಎಂದು ಹಿಡಿಯೋಣ. ಬೆಂಕಿಯ ಸಾಲು ಒಂದಡಿ ಅಗಲವಿತ್ತೆಂದು ಊಹಿಸಿದರೆ ಒಂದು ಬಿಂದುವಿನ ಮೇಲೆ ಅದು ನಿಲ್ಲುವುದು ಹತ್ತು ನಿಮಿಷ. ಅಷ್ಟರಲ್ಲಿ ಶಾಖ ಇಳಿಯುವ ಆಳ ಸುಮಾರು 27 ಮಿ.ಮೀ. ಬಿರುಕು ಓಡಿದ್ದಾದರೋ 127 ಮಿ.ಮೀ. ಆಳದಲ್ಲಿ! ಎಂದರೆ ಬಂಡೆ ಸೀಳಿದ್ದು ಬಿಸಿ ಮುಟ್ಟಿದ ಜಾಗದಲ್ಲಲ್ಲ. ಹಿಗ್ಗಿದ ಮೇಲ್ಪದರ ಅಡ್ಡಕ್ಕೆ ಹರಡಲು ಎಡೆಯಿಲ್ಲದೆ ಮೇಲಕ್ಕೆ ಬಾಗಿ, ಕೆಳಗಿನ ತಣ್ಣನೆಯ ಕಲ್ಲಿನಿಂದ ತನ್ನನ್ನು ಸುಲಿದುಕೊಂಡಿತು ಎಂದೇ ನಾನು ಇದನ್ನು ಅರ್ಥ ಮಾಡಿಕೊಳ್ಳುತ್ತೇನೆ. ಬೆಂಕಿಯ ಅಡಿಯಲ್ಲಿ ನೇರವಾಗಿ ಸಿಡಿದ ಚಕ್ಕೆಗಳೂ ಇದ್ದವು, ಆದರೆ ಅವು ಎಂಟನೆಯ ಒಂದು ಅಂಗುಲದಷ್ಟು ತೆಳುವಾಗಿದ್ದು ಆಳದ ಸೀಳಿಗೆ ಸಂಬಂಧಿಸಿರಲಿಲ್ಲವೆಂದು ಆ ವರ್ಣನೆಯಲ್ಲಿಯೇ ಹೇಳಿದೆ. ಸದ್ದಿನಿಂದ ಬಿರುಕಿನ ಮುಂಚೂಣಿಯನ್ನು ಗುರುತಿಸಿ ಬೆಂಕಿಯನ್ನು ನಡೆಸಿದ ಆ ಕೆಲಸಗಾರರ ಹೆಸರು ವರ್ಣನೆಯ ಜೊತೆಗೆ ಉಳಿಯದಿದ್ದದ್ದು ನನಗೆ ನೋವಿನ ಸಂಗತಿ.

ಇದನ್ನು ಓದಿ ಮನೆಯಂಗಳದಲ್ಲಿ ಕಲ್ಲಿನ ಮೇಲೆ ಬೆಂಕಿ ಹಾಕುವ ಪ್ರಯೋಗಕ್ಕೆ ಇಳಿಯಬಾರದು. ನೀರು ಹೀರಿದ ಹೊಳೆಗಲ್ಲು ಬಿಸಿಗೆ ಸಿಡಿಯುತ್ತದೆ, ಬೆಣಚು ಇರುವ ಕಲ್ಲು 573 ಡಿಗ್ರಿಯಲ್ಲಿ ಹರಳಿನ ರಚನೆ ಬದಲಾಗಿ ಹಠಾತ್ತನೆ ಹಿಗ್ಗುತ್ತದೆ.

ತಂಪು ಸೇರಿದಾಗ

ತಣ್ಣಗಾಗುವ ಜಾಗ ಕುಗ್ಗಲು ಹೋಗಿ ಎಳೆತಕ್ಕೆ ಸಿಕ್ಕುವುದರಿಂದ, ಚಲಿಸುವ ಬಿಸಿಯ ಹಿಂದೆ ಚಲಿಸುವ ತಂಪನ್ನು ಸೇರಿಸಿದರೆ ಬಿರುಕಿನ ಚಾಲನೆ ಬಹಳ ತೀವ್ರವಾಗುತ್ತದೆ. ಕಾರ್ಬನ್ ಡೈಆಕ್ಸೈಡ್ ಲೇಸರ್‌ನಿಂದ ಗಾಜಿನ ಮೇಲ್ಮೈಯನ್ನು ಕಾಯಿಸಿ, ಹಿಂದೆಯೇ ಗಾಳಿ-ನೀರಿನ ಸಣ್ಣ ಧಾರೆ ಹಾಯಿಸುವ ಕೈಗಾರಿಕಾ ವಿಧಾನ ನಿಂತಿರುವುದು ಇದರ ಮೇಲೆಯೇ. ಆ ಲೇಸರಿನ 10.6 ಮೈಕ್ರೋಮೀಟರ್ ತರಂಗವನ್ನು ಗಾಜು ಮೇಲ್ಮೈಯಲ್ಲಿಯೇ ಹೀರಿಕೊಳ್ಳುತ್ತದೆ.

ಕೈಯಲ್ಲಿ ಮಾಡುವವರು ತಂಪನ್ನು ಸೇರಿಸದಿರುವುದೇ ಕ್ಷೇಮ, ಏಕೆಂದರೆ ಎಳೆತ ಹೆಚ್ಚಾದಾಗ ಬಿರುಕಿನ ದಾರಿ ನೇರವಾಗಿ ಉಳಿಯುವುದಿಲ್ಲ. ಜಪಾನಿನ ಸಂಶೋಧಕರಾದ ಯೂಸೆ ಮತ್ತು ಸಾನೋ 1993ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ತೆಳುವಾದ ಗಾಜಿನ ಪಟ್ಟಿಯನ್ನು ಬಿಸಿ ಕುಲುಮೆಯಿಂದ ತಣ್ಣೀರಿಗೆ ಒಂದೇ ವೇಗದಲ್ಲಿ ಇಳಿಸಿದರು. ವೇಗ ತೀರ ಕಡಿಮೆಯಿದ್ದಾಗ ಬಿರುಕು ಬೆಳೆಯಲೇ ಇಲ್ಲ, ಹೆಚ್ಚಿಸಿದಾಗ ನೇರವಾಗಿ ಬೆಳೆಯಿತು, ಇನ್ನೂ ಹೆಚ್ಚಿಸಿದಾಗ ಅಲೆಯಂತೆ ಅತ್ತಿತ್ತ ಬಳುಕಿತು, ಕೊನೆಗೆ ಕವಲೊಡೆಯಿತು. ಉಷ್ಣಾಂಶದ ಅಂತರ, ಪಟ್ಟಿಯ ಅಗಲ, ವೇಗ ಈ ಮೂರೇ ಸೇರಿ ದಾರಿಯನ್ನು ನಿರ್ಧರಿಸಿದವು. ನಿಮ್ಮ ಹಾಳೆಯಲ್ಲಿ ಬಿರುಕು ಬಳುಕತೊಡಗಿದರೆ ಕೈ ನಡುಗಿತೆಂದು ಭಾವಿಸುವ ಮೊದಲು ಉಷ್ಣಾಂಶವನ್ನು ಇಳಿಸಿ, ವೇಗವನ್ನು ತಗ್ಗಿಸಿ ನೋಡಿ.

ಮುರಿದ ಮೈಯನ್ನು ಓದುವುದು

ಕೆಲಸ ಮುಗಿದ ಮೇಲೆ ಸೀಳಿದ ಮೈಯನ್ನು ಓರೆ ಬೆಳಕಿನಲ್ಲಿ, ಭೂತಗನ್ನಡಿಯಿಂದ ನೋಡಬೇಕು. ಬಿರುಕು ನಿಂತು ಹೊರಟ ಪ್ರತಿಯೊಂದು ಜಾಗದಲ್ಲಿಯೂ ಒಂದು ಬಾಗಿದ ಗೆರೆ ಉಳಿದಿರುತ್ತದೆ, ಅದರ ಉಬ್ಬು ಬಿರುಕು ಸಾಗಿದ ದಿಕ್ಕಿಗೆ ಮುಖ ಮಾಡಿರುತ್ತದೆ. ಉಬ್ಬು ದಪ್ಪದ ನಡುವಿನಲ್ಲಿದ್ದರೆ ಎರಡೂ ಮೈ ಸಮವಾಗಿ ಸೀಳಿವೆ. ಒಂದು ಮೈಯ ಕಡೆ ಸರಿದಿದ್ದರೆ ಆ ಮೈಯಲ್ಲಿ ಬಿರುಕು ಮುಂದೆ ಹೋಗಿತ್ತು, ಇನ್ನೊಂದರಲ್ಲಿ ಹಿಂದುಳಿದಿತ್ತು ಎಂದರ್ಥ, ಮತ್ತು ಮುಂದಿನ ಸಲ ಪ್ರತಿ ನಿಲುಗಡೆಯಲ್ಲಿ ಹೆಚ್ಚು ಹೊತ್ತು ಕಾಯಬೇಕು. ಮೈ ಕನ್ನಡಿಯಂತಿರದೆ ಒರಟಾಗಿದ್ದರೆ ಅಲ್ಲಿ ಎಳೆತ ಅಗತ್ಯಕ್ಕಿಂತ ಮೀರಿ ಬಿರುಕು ಓಡಿಹೋಗಿದೆ.

ಸರಿಯಾಗಿ ನಡೆಸಿದ ಬಿರುಕಿನ ಅಂಚಿನಲ್ಲಿ ಕಟರಿನ ಚಕ್ರ ಉಳಿಸುವ ಸೂಕ್ಷ್ಮ ಬಿರುಕುಗಳು ಇರುವುದಿಲ್ಲವಾದ್ದರಿಂದ ಅದು ಸಾಮಾನ್ಯವಾಗಿ ಕಟರಿನಿಂದ ಕತ್ತರಿಸಿದ ಅಂಚಿಗಿಂತ ಗಟ್ಟಿ. ಅದನ್ನು ಒರಟಾಗಿ ಉಜ್ಜಿ ಹಾಳುಮಾಡದೆ, ಕೈ ಕೊಯ್ಯುವ ಮೂಲೆಗಳನ್ನು ಮಾತ್ರ ನಯವಾದ ಎಮರಿ ಕಾಗದದಿಂದ, ದೂಳೇಳದಂತೆ ನೀರು ಹಾಕಿಕೊಂಡು ಮೊಂಡು ಮಾಡಿದರೆ ಸಾಕು. ಮೊದಲ ಗೀರು ಹಾಕಿದ ಒಂದು ಸೆಂಟಿಮೀಟರ್ ಭಾಗ ಮಾತ್ರ ಆ ಅಂಚಿನ ದುರ್ಬಲ ಜಾಗವಾಗಿ ಉಳಿಯುತ್ತದೆ. ಭಾರ ಹೊರಬೇಕಾದ ಅಥವಾ ಬಿಸಿಲಿಗೆ ಒಡ್ಡಬೇಕಾದ ಗಾಜಾದರೆ ಆರಂಭದಲ್ಲಿಯೇ ಹಾಳೆಯನ್ನು ಅಷ್ಟು ಉದ್ದ ಹೆಚ್ಚು ತೆಗೆದುಕೊಂಡು, ಕೊನೆಗೆ ಆ ಭಾಗವನ್ನು ಕತ್ತರಿಸಿ ಬಿಡಬೇಕು.